ಶಾಲೆ ಬಿಟ್ಟವರಿಗೆ ಎಸ್ಸೆಸ್ಸೆಲ್ಸಿ ಪೌರನೀತಿ ಕಲಿಸುವುದು ಹೇಗೆ? ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಂಜೆ ತರಗತಿಗಳಿಗೊಂದು ಮಾರ್ಗದರ್ಶಿ

ಬನಹಟ್ಟಿ, ಇಳಕಲ್, ಇಂಡಿ, ಬೈಲಹೊಂಗಲ ಹೀಗೆ ಊರು ಬೇರೆಯಾದರೂ ಸಂಜೆ ತರಗತಿ ನಡೆಸುವವರು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. ಏಳನೆಯದನ್ನೋ ಎಂಟನೆಯದನ್ನೋ ಓದಿ ಶಾಲೆ ಬಿಟ್ಟವರು ಈಗ ಎಸ್ಸೆಸ್ಸೆಲ್ಸಿಗೆ ಕಟ್ಟಿದ್ದಾರೆ. ಗಣಿತ, ಇಂಗ್ಲಿಷ್ ಹೇಗೋ ಸಾಗುತ್ತದೆ. ಸಮಾಜ ವಿಜ್ಞಾನದ ರಾಜ್ಯಶಾಸ್ತ್ರ ತೆಗೆದ ಕೂಡಲೇ ತರಗತಿ ತೂಕಡಿಸುತ್ತದೆ, ಇಲ್ಲವೇ ರಾಜಕಾರಣದ ಜಗಳ ಶುರುವಾಗುತ್ತದೆ. ಏನು ಮಾಡಬೇಕು?

ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನಿಮ್ಮೆದುರು ಕುಳಿತವರು ಮಗ್ಗದ ಕೆಲಸ ಮುಗಿಸಿ ಬಂದವರು, ಗ್ಯಾರೇಜಿನ ಹುಡುಗರು, ಮದುವೆಯಿಂದಾಗಿ ಓದು ನಿಂತ ಹೆಣ್ಣುಮಕ್ಕಳು, ಸಕ್ಕರೆ ಕಾರ್ಖಾನೆಯ ದಿನಗೂಲಿಗಳು ಎಂದು ಭಾವಿಸಿಕೊಂಡು ಬರೆದಿದ್ದೇನೆ. ಇವರಲ್ಲಿ ಹಲವರು ಈಗಾಗಲೇ ಮತ ಹಾಕಿದ್ದಾರೆ, ತಹಶೀಲ್ದಾರ್ ಕಚೇರಿಯ ಸಾಲಿನಲ್ಲಿ ನಿಂತಿದ್ದಾರೆ, ಉತಾರ (ಹೊಲದ ಪಹಣಿ) ತೆಗೆಸಿದ್ದಾರೆ. ಹದಿನೈದು ವರ್ಷದ ಮಕ್ಕಳಿಗೆ ಕಲಿಸುವ ಹಾಗೆ ‘ಪ್ರಜಾಪ್ರಭುತ್ವ ಎಂದರೇನು’ ಎಂದು ವ್ಯಾಖ್ಯೆಯಿಂದ ಆರಂಭಿಸಿದರೆ ಅವರ ಕಣ್ಣು ಗಡಿಯಾರದ ಮೇಲೆ ಹೋಗುತ್ತದೆ.

ಈ ಬರಹದ ಉದ್ದಕ್ಕೂ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡು ಹೋಗೋಣ. ಈ ಕೆಲಸ ಯಾರದು? ಯಾವ ಕಾನೂನಿನಿಂದ ಅದು ಅವರದಾಯಿತು? ಅವರು ಮಾಡದಿದ್ದರೆ ಮುಂದೆ ಯಾರ ಬಳಿ ಹೋಗಬೇಕು? ಯಾವ ಪಾಠವಾದರೂ ಈ ಮೂರಕ್ಕೆ ಉತ್ತರ ಸಿಗುವವರೆಗೆ ಮುಗಿದಿಲ್ಲ ಎಂದು ಲೆಕ್ಕ.

ಮೊದಲು ಕೈಯಲ್ಲಿ ಇರಬೇಕಾದವು

ಒಂಬತ್ತು ಮತ್ತು ಹತ್ತನೆಯ ತರಗತಿಯ ಸಮಾಜ ವಿಜ್ಞಾನ ಪುಸ್ತಕಗಳು ಬೇಕು. ಭಾಗಗಳಾಗಿ ಬಂದಿದ್ದರೆ ಎಲ್ಲ ಭಾಗಗಳನ್ನೂ ತರಿಸಿಕೊಳ್ಳಿ. ರಾಜ್ಯಶಾಸ್ತ್ರದ ಅಧ್ಯಾಯಗಳು ಎರಡೂ ಕಡೆ ಹಂಚಿಹೋಗಿರುತ್ತವೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಭಾರತದ ಸಂವಿಧಾನದ ಕನ್ನಡ ಪ್ರತಿ ಒಂದು ಸಾಕು, ಎಲ್ಲರಿಗೂ ಬೇಕಿಲ್ಲ. ನಿಮ್ಮ ಜಿಲ್ಲೆಯ ತಾಲ್ಲೂಕು ನಕ್ಷೆ, ದೊಡ್ಡ ಹಾಳೆಗಳು, ಬಣ್ಣದ ಪೆನ್ನು. ಇವೆಲ್ಲಕ್ಕಿಂತ ಉಪಯೋಗಕ್ಕೆ ಬರುವುದು ವಿದ್ಯಾರ್ಥಿಗಳ ಮನೆಯಲ್ಲಿರುವ ಕಾಗದಪತ್ರಗಳ ಝೆರಾಕ್ಸ್: ರೇಷನ್ ಕಾರ್ಡ್, ಮನೆ ಕಂದಾಯದ ರಸೀದಿ, ಉತಾರ, ಮತದಾರರ ಗುರುತಿನ ಚೀಟಿ, ಬಸ್ ಟಿಕೆಟ್, ಲೈಸೆನ್ಸ್.

ಎಚ್ಚರಿಕೆ: ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆಗಳ ಮೇಲೆ ಕಾಗದದ ಪಟ್ಟಿ ಇಟ್ಟೇ ಝೆರಾಕ್ಸ್ ಮಾಡಿಸಿ. ಜಾತಿ ಪ್ರಮಾಣಪತ್ರವನ್ನು ತರಲು ಹೇಳಲೇಬೇಡಿ. ಯಾರ ಕಾರ್ಡು ಯಾವ ಬಣ್ಣದ್ದು, ಯಾರಿಗೆ ಎಷ್ಟು ಅಕ್ಕಿ ಎಂಬುದು ತರಗತಿಯಲ್ಲಿ ಚರ್ಚೆಗೆ ಬಂದರೆ ಮರುದಿನದಿಂದ ಕೆಲವರು ಬರುವುದನ್ನೇ ಬಿಡುತ್ತಾರೆ. ಯಾರೂ ತರಲು ಒಪ್ಪದಿದ್ದರೆ ನಿಮ್ಮ ಮನೆಯವೇ ಸಾಕು.

ಹಂತ 1: ಯಾರು ಯಾವ ಪರೀಕ್ಷೆ ಬರೆಯುತ್ತಾರೆ, ಮೊದಲು ಅದನ್ನು ತಿಳಿದುಕೊಳ್ಳಿ

ಒಂದೇ ಕೋಣೆಯಲ್ಲಿ ಮೂರು ಬಗೆಯವರು ಕುಳಿತಿರುತ್ತಾರೆ. ಶಾಲೆಯ ಮೂಲಕವಲ್ಲದೆ ನೇರವಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ ಖಾಸಗಿ ಅಭ್ಯರ್ಥಿಗಳು ಒಂದು. ಹಿಂದೆ ಬರೆದು ಸಮಾಜ ವಿಜ್ಞಾನ ಉಳಿಸಿಕೊಂಡ ಪುನರಾವರ್ತಿತರು ಇನ್ನೊಂದು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಮಾಧ್ಯಮಿಕ ಪರೀಕ್ಷೆಗೆ ಹೆಸರು ನೋಂದಾಯಿಸಿದವರು ಮತ್ತೊಂದು.

ಇವರ ಪಠ್ಯ ಒಂದೇ ಅಲ್ಲ. ಎನ್‌ಐಒಎಸ್‌ನ ಸಮಾಜ ವಿಜ್ಞಾನದಲ್ಲಿ ಸಾಂವಿಧಾನಿಕ ಮೌಲ್ಯಗಳು, ಮೂಲಭೂತ ಹಕ್ಕು ಮತ್ತು ಕರ್ತವ್ಯ, ಸ್ಥಳೀಯ ಸರ್ಕಾರ, ರಾಜ್ಯ ಮತ್ತು ಕೇಂದ್ರದ ಆಡಳಿತ, ರಾಜಕೀಯ ಪಕ್ಷಗಳು ಎಲ್ಲವೂ ಇವೆ. ರಾಜ್ಯ ಮಂಡಳಿಯ ಹತ್ತನೆಯ ತರಗತಿಯ ಪುಸ್ತಕ ತೆರೆದು ನೋಡಿ: ಭಾರತದ ಸವಾಲುಗಳು, ವಿದೇಶಾಂಗ ನೀತಿ, ಇತರ ರಾಷ್ಟ್ರಗಳೊಂದಿಗಿನ ಸಂಬಂಧ, ಜಾಗತಿಕ ಸಮಸ್ಯೆಗಳು, ಜಾಗತಿಕ ಸಂಸ್ಥೆಗಳು. ಸಂವಿಧಾನ, ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ನ್ಯಾಯಾಂಗ, ಚುನಾವಣೆ ಇವೆಲ್ಲ ಒಂಬತ್ತನೆಯ ತರಗತಿಯಲ್ಲೇ ಮುಗಿದಿರುತ್ತವೆ.

ತರಗತಿ ತೂಕಡಿಸುವುದಕ್ಕೆ ನಿಜವಾದ ಕಾರಣ ಇಲ್ಲಿದೆ. ನಿಮ್ಮ ವಿದ್ಯಾರ್ಥಿ ಒಂಬತ್ತನೆಯದನ್ನು ಓದಿಯೇ ಇಲ್ಲ. ಸಂಸತ್ತು ಏನು ಮಾಡುತ್ತದೆ ಎಂದು ತಿಳಿಯದವರಿಗೆ ಅಲಿಪ್ತ ನೀತಿ ಹೇಳಲು ಹೊರಡುವುದು ಹಾಸು ಹಾಕದೆ ಹೊಕ್ಕು ಹೊಡೆದಂತೆ. ಆದ್ದರಿಂದ ರಾಜ್ಯ ಮಂಡಳಿಯವರಿಗೂ ಎನ್‌ಐಒಎಸ್‌ನವರಿಗೂ ಮೊದಲ ಕೆಲವು ವಾರ ಒಟ್ಟಿಗೆ ಒಂಬತ್ತನೆಯ ತರಗತಿಯ ಭಾಗವನ್ನೇ ಮಾಡಿ. ‘ಪರೀಕ್ಷೆಗೆ ಬಾರದ್ದು ಏಕೆ’ ಎಂದು ಒಬ್ಬರಾದರೂ ಕೇಳುತ್ತಾರೆ. ಕೇಳಲಿ, ಮೂರನೆಯ ವಾರದ ಹೊತ್ತಿಗೆ ಆ ಪ್ರಶ್ನೆ ಬರುವುದಿಲ್ಲ.

ಇಲ್ಲಿ ಬೀಳುವ ಗುಂಡಿ: ಅಣ್ಣನೋ ಅಕ್ಕನೋ ಬರೆದಾಗಿನ ಹಳೆಯ ಗೈಡು. ಪಠ್ಯ ಪರಿಷ್ಕರಣೆಯಾಗುತ್ತಲೇ ಇರುತ್ತದೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಆಯಾ ವರ್ಷ ಪ್ರಕಟಿಸುವ ಮಾದರಿ ಪ್ರಶ್ನೆಪತ್ರಿಕೆಯನ್ನು ಇಳಿಸಿಕೊಂಡು, ಅದನ್ನು ಗೋಡೆಗೆ ಅಂಟಿಸಿಬಿಡಿ.

ಕಾಲದ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಕಡೆ ಕಬ್ಬು ನುರಿಸುವ ಹಂಗಾಮು ಶುರುವಾದರೆ ಹಾಜರಾತಿ ಅರ್ಧಕ್ಕೆ ಇಳಿಯುತ್ತದೆ. ನೇಕಾರರ ಊರುಗಳಲ್ಲಿ ಮದುವೆ ಹಂಗಾಮಿನ ಒತ್ತಡ ಬೇರೆ. ಬಾದಾಮಿ ಸುತ್ತಮುತ್ತಲಿನವರಿಗೆ ಜನವರಿಯ ಬನಶಂಕರಿ ಜಾತ್ರೆ ಇರುತ್ತದೆ. ಹೀಗಾಗಿ ಒಂಬತ್ತನೆಯ ತರಗತಿಯ ಬುನಾದಿಯನ್ನು ದಸರೆಯ ಒಳಗೆ ಮುಗಿಸುವುದು ಒಳ್ಳೆಯದು.

ಹಂತ 2: ಕಾಗದಗಳನ್ನು ವಿಂಗಡಿಸುವ ಆಟ

ಮೊದಲ ತರಗತಿಯಲ್ಲಿ ಪುಸ್ತಕ ತೆರೆಯಬೇಡಿ. ನೆಲದ ಮೇಲೆ ನಾಲ್ಕು ದೊಡ್ಡ ಹಾಳೆ ಹಾಸಿ. ಒಂದರ ಮೇಲೆ ‘ಕೇಂದ್ರ’, ಇನ್ನೊಂದರ ಮೇಲೆ ‘ರಾಜ್ಯ’, ಮೂರನೆಯದರ ಮೇಲೆ ‘ಪಂಚಾಯಿತಿ ಅಥವಾ ಪುರಸಭೆ’, ನಾಲ್ಕನೆಯದರ ಮೇಲೆ ‘ಇವು ಯಾವುದೂ ಅಲ್ಲ’ ಎಂದು ಬರೆಯಿರಿ. ಝೆರಾಕ್ಸ್ ಪ್ರತಿಗಳನ್ನು ಹಂಚಿ, ಯಾವುದು ಯಾವ ಹಾಳೆಗೆ ಸೇರಬೇಕು ಎಂದು ಅವರಿಂದಲೇ ಇಡಿಸಿ.

ಬಸ್ ಟಿಕೆಟ್ಟಿಗೂ ರೈಲು ಟಿಕೆಟ್ಟಿಗೂ ಜಗಳವಿಲ್ಲ: ಬಸ್ಸು ರಾಜ್ಯದ ನಿಗಮದ್ದು, ರೈಲು ಕೇಂದ್ರದ್ದು. ಮನೆ ಕಂದಾಯದ ರಸೀದಿ ಪಂಚಾಯಿತಿಯದು. ಉತಾರ ರಾಜ್ಯದ ಕಂದಾಯ ಇಲಾಖೆಯದು. ಊರಲ್ಲಿ ಇಂದಿಗೂ ತಲಾಠಿ ಎಂದು ಕರೆಯುವ ಗ್ರಾಮ ಆಡಳಿತಾಧಿಕಾರಿ ಪಂಚಾಯಿತಿ ಕಟ್ಟಡದಲ್ಲೇ ಕುಳಿತಿದ್ದರೂ ಪಂಚಾಯಿತಿ ನೌಕರನಲ್ಲ. ಇಲ್ಲಿಯೇ ಮೊದಲ ಗದ್ದಲವಾಗುತ್ತದೆ, ಆಗಲಿ ಬಿಡಿ.

ರೇಷನ್ ಕಾರ್ಡ್ ಎರಡು ಹಾಳೆಗಳ ನಡುವೆ ನಿಲ್ಲುತ್ತದೆ. ಕಾರ್ಡು ಕೊಡುವುದು ರಾಜ್ಯದ ಆಹಾರ ಇಲಾಖೆ. ಅದರ ಹಿಂದಿರುವ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ 2013ರದು, ಸಂಸತ್ತು ಮಾಡಿದ್ದು. ಲೈಸೆನ್ಸ್ ಕೂಡ ಹಾಗೆಯೇ: ಆರ್‌ಟಿಒ ರಾಜ್ಯದ ಕಚೇರಿ, ಮೋಟಾರು ವಾಹನ ಕಾಯ್ದೆ ಕೇಂದ್ರದ್ದು. ಕಾನೂನು ಮಾಡುವವರು ಒಬ್ಬರು, ನಡೆಸುವವರು ಇನ್ನೊಬ್ಬರು ಆಗಿರಬಹುದು ಎಂಬ ಮಾತು ಈ ಎರಡು ಕಾಗದಗಳಿಂದ ತಲೆಗೆ ಇಳಿದಷ್ಟು ಸಲೀಸಾಗಿ ಪುಸ್ತಕದ ಎರಡು ಪುಟಗಳಿಂದ ಇಳಿಯುವುದಿಲ್ಲ.

ಮತದಾರರ ಗುರುತಿನ ಚೀಟಿಯನ್ನು ಹೆಚ್ಚಿನವರು ‘ಕೇಂದ್ರ’ದ ಹಾಳೆಯ ಮೇಲೆ ಇಡುತ್ತಾರೆ. ಅದು ನಾಲ್ಕನೆಯ ಹಾಳೆಗೆ ಸೇರಬೇಕು. ಭಾರತದ ಚುನಾವಣಾ ಆಯೋಗ ಸಂವಿಧಾನದ 324ನೆಯ ವಿಧಿಯಿಂದ ಹುಟ್ಟಿದ ಸ್ವತಂತ್ರ ಸಂಸ್ಥೆ. ಯಾವ ಮಂತ್ರಿಯ ಕೈಕೆಳಗಿನ ಇಲಾಖೆಯೂ ಅಲ್ಲ. ‘ಸಾಂವಿಧಾನಿಕ ಸಂಸ್ಥೆ’ ಎಂಬುದನ್ನು ಇಲ್ಲಿ ವಿವರಿಸಿ: ಸಂವಿಧಾನವೇ ಹೆಸರಿಸಿ ನಿಲ್ಲಿಸಿದ ಸಂಸ್ಥೆ, ಸರ್ಕಾರ ಬದಲಾದರೂ ಅದನ್ನು ಆದೇಶದ ಮೇಲೆ ಮುಚ್ಚಲಾಗದು.

ಈ ಆಟ ಮುಗಿದ ಮೇಲೆ ಸಂವಿಧಾನದ ಏಳನೆಯ ಅನುಸೂಚಿಗೆ ಬನ್ನಿ. ಅನುಸೂಚಿ ಎಂದರೆ ಸಂವಿಧಾನದ ಕೊನೆಯಲ್ಲಿ ಸೇರಿಸಿದ ಪಟ್ಟಿ. ಕೇಂದ್ರ ಪಟ್ಟಿಯಲ್ಲಿ ಮೂಲತಃ 97, ರಾಜ್ಯ ಪಟ್ಟಿಯಲ್ಲಿ 66, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿ 47 ವಿಷಯಗಳಿದ್ದವು. ರಕ್ಷಣೆ, ರೈಲ್ವೆ, ವಿದೇಶ ವ್ಯವಹಾರ ಕೇಂದ್ರಕ್ಕೆ. ಪೊಲೀಸ್, ಭೂಮಿ, ಕೃಷಿ ರಾಜ್ಯಕ್ಕೆ. ಶಿಕ್ಷಣ ಮೊದಲು ರಾಜ್ಯದ್ದಾಗಿತ್ತು, 1976ರ 42ನೆಯ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ತಂದಿತು. ಎಲ್ಲ ವಿಷಯಗಳನ್ನೂ ಬಾಯಿಪಾಠ ಮಾಡಿಸಬೇಡಿ. ಪಟ್ಟಿಗೆ ಎರಡು ಉದಾಹರಣೆ ಸಾಕು.

ವಿಜಯಪುರದವರಿಗೆ ಒಂದು ವಿಶೇಷ ಗುಂಡಿ ಇದೆ. ಅಲ್ಲಿನ ಬಸ್ಸುಗಳ ಮೇಲೆ ‘ಕಲ್ಯಾಣ ಕರ್ನಾಟಕ’ ಎಂದು ಬರೆದಿರುವುದರಿಂದ ಸಂವಿಧಾನದ 371ಜೆ ವಿಧಿ ಆ ಭಾಗದವರಿಗೆ ಕೊಡುವ ಉದ್ಯೋಗ, ಶಿಕ್ಷಣದ ಮೀಸಲಾತಿ ತಮಗೂ ಇದೆ ಎಂದು ಹಲವರು ನಂಬಿರುತ್ತಾರೆ. ಇಲ್ಲ. ಸಾರಿಗೆ ನಿಗಮದ ವಿಭಾಗ ಅಲ್ಲಿಗೆ ಸೇರಿದೆ ಅಷ್ಟೇ. 371ಜೆ ಅನ್ವಯವಾಗುವುದು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ. ವಿಜಯಪುರ ಹಿಂದಿನ ಮುಂಬಯಿ ಪ್ರಾಂತ್ಯದ್ದು. ಕೆಲಸಕ್ಕೆ ಅರ್ಜಿ ಹಾಕುವವರು ಇದನ್ನು ತಪ್ಪು ತುಂಬಿದರೆ ಅರ್ಜಿಯೇ ಬಿದ್ದುಹೋಗಬಹುದು.

ಹಂತ 3: ಆರಿಸಿ ಬಂದವರು, ನೇಮಕವಾದವರು

ನನ್ನ ಮಟ್ಟಿಗೆ ಇಡೀ ಪೌರನೀತಿಯಲ್ಲಿ ಅತಿ ಮುಖ್ಯವಾದ ಪಾಠ ಇದು. ಆದರೆ ಹೆಚ್ಚಿನ ಕಡೆ ಇದಕ್ಕೆ ಹತ್ತು ನಿಮಿಷವನ್ನೂ ಕೊಡುವುದಿಲ್ಲ. ಹಲಗೆಯ ಮೇಲೆ ಎರಡು ಕಾಲಂ ಎಳೆಯಿರಿ. ಎಡಕ್ಕೆ ನಾವು ಮತ ಹಾಕಿ ಕಳಿಸಿದವರು: ಗ್ರಾಮ ಪಂಚಾಯಿತಿ ಸದಸ್ಯ, ನಗರಸಭೆ ಸದಸ್ಯ, ಶಾಸಕ, ಸಂಸದ. ಬಲಕ್ಕೆ ಸಂಬಳದ ಮೇಲೆ ನೇಮಕವಾದವರು: ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಪೌರಾಯುಕ್ತ, ತಹಶೀಲ್ದಾರ್, ಜಿಲ್ಲಾಧಿಕಾರಿ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ.

ಈಗ ಒಂದೊಂದು ದೂರು ಹೇಳಿ, ಯಾವ ಕಾಲಂಗೆ ಹೋಗಬೇಕು ಎಂದು ಕೇಳಿ. ಓಣಿಯ ದೀಪ ಉರಿಯುತ್ತಿಲ್ಲ. ಜನನ ಪ್ರಮಾಣಪತ್ರದಲ್ಲಿ ಹೆಸರು ತಪ್ಪಾಗಿದೆ. ಊರಿಗೆ ಹೈಸ್ಕೂಲು ಬೇಕು. ಮೊದಲ ಎರಡಕ್ಕೆ ಅಧಿಕಾರಿ; ಮೂರನೆಯದು ನೀತಿ ಮತ್ತು ಹಣದ ಮಾತು, ಅದಕ್ಕೆ ಪ್ರತಿನಿಧಿ. ಹೆಸರು ತಿದ್ದಿಸಲು ಶಾಸಕರ ಮನೆ ಬಾಗಿಲಲ್ಲಿ ದಿನಗಟ್ಟಲೆ ಕಾದವರು ನಿಮ್ಮ ತರಗತಿಯಲ್ಲೇ ಇರುತ್ತಾರೆ, ಅವರಿಗೆ ಈ ಎರಡು ಕಾಲಂ ತಕ್ಷಣ ಅರ್ಥವಾಗುತ್ತದೆ.

ಸ್ಥಳೀಯ ಸಂಸ್ಥೆಗಳ ಬಗೆಯನ್ನು ನಿಮ್ಮ ಸುತ್ತಲಿನಿಂದಲೇ ತೋರಿಸಿ. ಬೆಳಗಾವಿ, ವಿಜಯಪುರ ಮಹಾನಗರ ಪಾಲಿಕೆಗಳು. ಬಾಗಲಕೋಟೆ, ರಬಕವಿ-ಬನಹಟ್ಟಿ, ಇಳಕಲ್ ನಗರಸಭೆಗಳು. ಗುಳೇದಗುಡ್ಡ, ತೇರದಾಳ ಪುರಸಭೆಗಳು. ಬೆಳಗಾವಿಯಲ್ಲಿ ಇನ್ನೊಂದು ಬಗೆಯೂ ಇದೆ: ದಂಡು ಮಂಡಳಿ, ಅಂದರೆ ಕ್ಯಾಂಟೋನ್ಮೆಂಟ್ ಬೋರ್ಡ್. ಇದು ಕೇಂದ್ರದ ರಕ್ಷಣಾ ಸಚಿವಾಲಯದ ಅಡಿಯಲ್ಲಿ ಬರುತ್ತದೆ. ದಂಡು ಮಂಡಳಿಯ ಕ್ಯಾಂಪ್ ಪ್ರದೇಶದಿಂದ ಬರುವ ವಿದ್ಯಾರ್ಥಿಗೂ ಪಾಲಿಕೆಗೆ ಸೇರಿದ ಶಹಾಪುರದಿಂದ ಬರುವ ವಿದ್ಯಾರ್ಥಿಗೂ ಒಂದೇ ಊರಿನಲ್ಲಿ ಎರಡು ಸ್ಥಳೀಯ ಆಡಳಿತ ಎಂದು ಹೇಳಿದರೆ ಇಬ್ಬರೂ ಎದ್ದು ಕುಳಿತುಕೊಳ್ಳುತ್ತಾರೆ.

ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟದ್ದು 73ನೆಯ ತಿದ್ದುಪಡಿ, ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ನಗರಗಳಿಗೆ 74ನೆಯದು, ಅದೇ ವರ್ಷದ ಜೂನ್ 1ರಂದು. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಗ್ರಾಮ ಸಭೆ ಎಂದರೆ ಆ ಪಂಚಾಯಿತಿಯ ಮತದಾರರೆಲ್ಲರ ಸಭೆ, ಸದಸ್ಯರ ಸಭೆಯಲ್ಲ. ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಸಾಧ್ಯವಾದರೆ ನೋಟಿಸು ನೋಡಿಕೊಂಡು ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳಿಸಿ. ಹೋದವರು ಬಂದು ಮೂರು ವಿಷಯ ಹೇಳಬೇಕು: ಎಷ್ಟು ಜನ ಬಂದಿದ್ದರು, ಯಾವ ಬೇಡಿಕೆ ಬರೆದುಕೊಂಡರು, ಹೆಂಗಸರಲ್ಲಿ ಯಾರಾದರೂ ಎದ್ದು ಮಾತಾಡಿದರೇ.

‘ನಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. 2016ರಲ್ಲಿ ಆರಿಸಿ ಬಂದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಇದನ್ನು ಮುಚ್ಚಿಡಬೇಕಿಲ್ಲ. ಐದು ವರ್ಷ ತುಂಬುವ ಮೊದಲೇ ಚುನಾವಣೆ ಮುಗಿಯಬೇಕು ಎನ್ನುವ 243ಇ ವಿಧಿಯನ್ನು ಗಟ್ಟಿಯಾಗಿ ಓದಿಸಿ. ಬರೆದಿಟ್ಟ ನಿಯಮಕ್ಕೂ ನಡೆಯುವುದಕ್ಕೂ ನಡುವಿನ ಅಂತರವನ್ನು ಅವರೇ ಅಳೆಯಲಿ, ನೀವು ಭಾಷಣ ಮಾಡಬೇಡಿ.

ಹಂತ 4: ಮತ, ಕ್ಷೇತ್ರ, ಶಾಸನಸಭೆ

ನಕ್ಷೆ ತೆಗೆಯಿರಿ. ಬೆಳಗಾವಿ ಜಿಲ್ಲೆಗೆ 18 ವಿಧಾನಸಭಾ ಕ್ಷೇತ್ರ, ವಿಜಯಪುರಕ್ಕೆ 8, ಬಾಗಲಕೋಟೆಗೆ 7. ಒಟ್ಟು 224ರಲ್ಲಿ ಮೂರು ಜಿಲ್ಲೆಗಳದ್ದೇ 33. ಸರ್ಕಾರ ರಚಿಸಲು 113 ಬೇಕು. ಈ ಲೆಕ್ಕವನ್ನು ಅವರಿಂದಲೇ ಹಾಕಿಸಿ. ಚುನಾವಣೆ ಬಂದಾಗ ಎಲ್ಲ ಪಕ್ಷದ ನಾಯಕರೂ ಈ ಕಡೆ ಏಕೆ ಬೀಡು ಬಿಡುತ್ತಾರೆ ಎಂದು ಬಿಡಿಸಿ ಹೇಳಬೇಕಾಗುವುದಿಲ್ಲ. ವಿಧಾನ ಪರಿಷತ್ತಿನಲ್ಲಿ 75 ಸ್ಥಾನ. ಲೋಕಸಭೆಗೆ ಕರ್ನಾಟಕದಿಂದ 28, ರಾಜ್ಯಸಭೆಗೆ 12.

ಇಲ್ಲಿ ಪದೇ ಪದೇ ಕಾಣುವ ಗೊಂದಲಗಳು ನಾಲ್ಕು.

ಮೀಸಲು ಕ್ಷೇತ್ರ ಎಂದರೆ ಆ ಸಮುದಾಯದವರು ಮಾತ್ರ ಮತ ಹಾಕುವುದು ಎಂಬ ತಪ್ಪು ತಿಳಿವಳಿಕೆ ಬಹಳ ಆಳವಾಗಿದೆ. ಮುಧೋಳ, ನಾಗಠಾಣ, ಕುಡಚಿ, ರಾಯಬಾಗ ಪರಿಶಿಷ್ಟ ಜಾತಿಗೆ, ಯಮಕನಮರಡಿ ಪರಿಶಿಷ್ಟ ಪಂಗಡಕ್ಕೆ ಮೀಸಲು. ವಿಜಯಪುರ ಲೋಕಸಭಾ ಕ್ಷೇತ್ರವೂ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿ ಸ್ಪರ್ಧಿಸುವವರು ಮಾತ್ರ ಆ ಸಮುದಾಯದವರಾಗಿರಬೇಕು. ಮತ ಹಾಕುವುದು ಕ್ಷೇತ್ರದ ಎಲ್ಲರೂ.

ಗ್ರಾಮ ಪಂಚಾಯಿತಿ, ನಗರಸಭೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ವಿಧಾನಸಭೆ, ಲೋಕಸಭೆಗೆ ಭಾರತದ ಚುನಾವಣಾ ಆಯೋಗ. ಎರಡೂ ಬೇರೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ ಎಂದರೆ ಕೆಲವರು ನಗುತ್ತಾರೆ. ನಗಲಿ, ಉತ್ತರಪತ್ರಿಕೆಯಲ್ಲಿ ಬರೆಯಬೇಕಾದದ್ದು ಅದನ್ನೇ.

2013ರಲ್ಲಿ ಬಂದ ‘ನೋಟಾ’ಕ್ಕೆ (ಮೇಲಿನ ಯಾರೂ ಬೇಡ ಎನ್ನುವ ಗುಂಡಿ) ಹೆಚ್ಚು ಮತ ಬಿದ್ದರೆ ಚುನಾವಣೆ ರದ್ದಾಗುತ್ತದೆ ಎಂದು ಹೇಳುವವರಿದ್ದಾರೆ. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಹಾಗಾಗುವುದಿಲ್ಲ. ಉಳಿದ ಅಭ್ಯರ್ಥಿಗಳಲ್ಲಿ ಮುಂದಿರುವವರು ಗೆಲ್ಲುತ್ತಾರೆ.

ಕೊನೆಯದು ಸುವರ್ಣ ವಿಧಾನಸೌಧ. 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾದ ಈ ಕಟ್ಟಡದಲ್ಲಿ ಸಾಮಾನ್ಯವಾಗಿ ಚಳಿಗಾಲದ ಅಧಿವೇಶನ ನಡೆಯುತ್ತದೆ. ಬೆಳಗಾವಿಗೆ ಬಂದಾಗ ಸೇರುವುದು ಅದೇ ವಿಧಾನಸಭೆ, ಅದೇ ವಿಧಾನ ಪರಿಷತ್ತು. ಉತ್ತರ ಕರ್ನಾಟಕಕ್ಕೆಂದು ಬೇರೆ ಸಭೆ ಇಲ್ಲ. ಅಧಿವೇಶನದ ದಿನಗಳಲ್ಲಿ ನೇರ ಪ್ರಸಾರದ ಅರ್ಧ ಗಂಟೆಯನ್ನು ಮೊಬೈಲಿನಲ್ಲಿ ತೋರಿಸಿ. ಪ್ರಶ್ನೋತ್ತರ ವೇಳೆಯೇ ಆಗಬೇಕು. ಕೂಗಾಟದ ತುಣುಕುಗಳನ್ನು ಅವರು ಬೇಕಾದಷ್ಟು ನೋಡಿರುತ್ತಾರೆ.

ತರಗತಿಯಲ್ಲಿ ಅಣಕು ಚುನಾವಣೆ ಮಾಡಿಸುವುದಾದರೆ ನಿಜವಾದ ಪಕ್ಷಗಳ ಹೆಸರು, ಚಿಹ್ನೆ, ಬಣ್ಣ ಯಾವುದೂ ಬೇಡ. ‘ತರಗತಿ ಆರಕ್ಕೋ ಏಳಕ್ಕೋ’ ಎಂಬಂಥ ನಿಜವಾದ ಪ್ರಶ್ನೆಯ ಮೇಲೆ ಮತ ಹಾಕಿಸಿ, ಗೆದ್ದ ತೀರ್ಮಾನದಂತೆ ನಡೆಯಿರಿ. ಹದಿನೆಂಟು ತುಂಬಿಯೂ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಅದೇ ದಿನ ನಮೂನೆ 6 ತೋರಿಸಿ. ಮದುವೆಯಾಗಿ ಬೇರೆ ಊರಿಗೆ ಬಂದವರಿಗೆ ನಮೂನೆ 8. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು 61ನೆಯ ತಿದ್ದುಪಡಿ.

ಹಂತ 5: ಹಕ್ಕುಗಳನ್ನು ಮುಳುಗಡೆಯಿಂದ ಶುರು ಮಾಡಿ

ಮೂಲಭೂತ ಹಕ್ಕುಗಳ ಪಾಠ ಎಲ್ಲೆಡೆ ಆರು ಹೆಸರುಗಳ ಪಟ್ಟಿಯಾಗಿ ಮುಗಿಯುತ್ತದೆ. ಬಾಗಲಕೋಟೆ, ವಿಜಯಪುರದವರಿಗೆ ಅದಕ್ಕಿಂತ ಒಳ್ಳೆಯ ದಾರಿ ಇದೆ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಹೊಲ ಮನೆ ಕಳೆದುಕೊಂಡು ನವನಗರಕ್ಕೋ ಪುನರ್ವಸತಿ ಕೇಂದ್ರಕ್ಕೋ ಬಂದ ಕುಟುಂಬದವರು ನಿಮ್ಮ ತರಗತಿಯಲ್ಲಿ ಇದ್ದೇ ಇರುತ್ತಾರೆ. ‘ಸರ್ಕಾರ ನಮ್ಮ ಜಮೀನು ಹೇಗೆ ತೆಗೆದುಕೊಳ್ಳಬಹುದು’ ಎಂದು ಕೇಳಿ, ಉತ್ತರಕ್ಕೆ ಕಾಯಿರಿ.

ಆಮೇಲೆ ಹೇಳಿ: ಆಸ್ತಿಯ ಹಕ್ಕು ಮೊದಲು ಮೂಲಭೂತ ಹಕ್ಕಾಗಿತ್ತು. 1978ರ 44ನೆಯ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದು 300ಎ ವಿಧಿಯಲ್ಲಿ ಇಟ್ಟಿತು. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂದು ಆ ವಿಧಿ ಹೇಳುತ್ತದೆ. ಭೂಸ್ವಾಧೀನಕ್ಕೆ 1894ರ ಕಾಯ್ದೆ ಇತ್ತು. 2013ರ ಹೊಸ ಕಾಯ್ದೆ 2014ರ ಜನವರಿ 1ರಿಂದ ಜಾರಿಗೆ ಬಂತು. ಹಳೆಯ ನೋಟಿಸು ಯಾರ ಬಳಿಯಾದರೂ ಇದ್ದರೆ ಅದರ ಮೇಲೆ ಯಾವ ಕಾಯ್ದೆಯ ಹೆಸರಿದೆ ಎಂದು ಹುಡುಕಿಸಿ.

ಮೂಲಭೂತ ಹಕ್ಕಿಗೂ ಸಾಮಾನ್ಯ ಕಾನೂನಿನ ಹಕ್ಕಿಗೂ ವ್ಯತ್ಯಾಸ ಏನು ಎಂಬುದು ಈಗ ತಾನಾಗಿ ಬರುತ್ತದೆ. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ 32ನೆಯ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದು. ಆಸ್ತಿಯ ಹಕ್ಕಿಗೆ ಆ ದಾರಿ ಇಲ್ಲ, 226ನೆಯ ವಿಧಿಯಡಿ ಹೈಕೋರ್ಟಿಗೆ ಹೋಗಬೇಕು. ಯಾವ ಹೈಕೋರ್ಟ್ ಪೀಠ? ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ, ವಿಜಯಪುರದವರಿಗೆ ಕಲಬುರಗಿ.

ಅಲ್ಲಿಂದ 14ನೆಯ ವಿಧಿಯ ಸಮಾನತೆ, 17ನೆಯ ವಿಧಿಯ ಅಸ್ಪೃಶ್ಯತೆ ನಿಷೇಧ, 21ನೆಯ ವಿಧಿಯ ಜೀವಿಸುವ ಹಕ್ಕಿಗೆ ಹೋಗಿ. 21ಎ ವಿಧಿಯನ್ನು ಓದುವಾಗ ಸ್ವಲ್ಪ ನಿಲ್ಲಿ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡುವ ಈ ಹಕ್ಕು ಬಂದದ್ದು 2002ರ 86ನೆಯ ತಿದ್ದುಪಡಿಯಿಂದ. ಕಾಯ್ದೆಯಾಗಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. ನಿಮ್ಮ ವಿದ್ಯಾರ್ಥಿ ಶಾಲೆ ಬಿಟ್ಟಾಗ ಈ ಹಕ್ಕು ಇತ್ತೇ ಇಲ್ಲವೇ ಎಂದು ಅವರೇ ಲೆಕ್ಕ ಹಾಕುತ್ತಾರೆ. ಯಾರನ್ನೂ ‘ಏಕೆ ಬಿಟ್ಟಿರಿ’ ಎಂದು ಎಲ್ಲರೆದುರು ಕೇಳಬೇಡಿ.

ಗಡಿ ಮತ್ತು ನೀರು: ಈ ಎರಡು ವಿಷಯ ಬಂದರೆ ತರಗತಿ ಕಾವೇರುತ್ತದೆ. ಬೆಳಗಾವಿಯಲ್ಲಿ ಮನೆಮಾತು ಮರಾಠಿಯಾಗಿರುವವರೂ ಅದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ತಪ್ಪಿಸಿಕೊಂಡು ಹೋಗುವುದು ಬೇಡ. ಹತ್ತನೆಯ ತರಗತಿಯ ಪುಸ್ತಕದಲ್ಲೇ ‘ಪ್ರಾದೇಶಿಕವಾದ’ ಎಂಬುದು ಒಂದು ಸವಾಲಾಗಿ ಬರುತ್ತದೆ. ಆದರೆ ಯಾರು ಸರಿ ಎಂಬುದನ್ನು ಬಿಟ್ಟು ಯಾರ ಅಧಿಕಾರ ಎಂಬುದನ್ನು ಹಿಡಿಯಿರಿ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆ, 1967ರ ಮಹಾಜನ್ ಆಯೋಗದ ವರದಿ, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆ: ಇಷ್ಟನ್ನು ಕ್ರಮವಾಗಿ ಬರೆಯಿರಿ. ರಾಜ್ಯದ ಗಡಿ ಬದಲಿಸುವ ಅಧಿಕಾರ 3ನೆಯ ವಿಧಿಯಂತೆ ಸಂಸತ್ತಿನದು. ಎರಡು ರಾಜ್ಯಗಳ ನಡುವಿನ ವ್ಯಾಜ್ಯ 131ನೆಯ ವಿಧಿಯಂತೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ನದಿ ನೀರಿಗೆ ಮಾತ್ರ ದಾರಿ ಬೇರೆ: 262ನೆಯ ವಿಧಿಯಂತೆ ನ್ಯಾಯಮಂಡಳಿ. ಕೃಷ್ಣೆಗೆ 1969ರಲ್ಲಿ ಬಚಾವತ್ ನ್ಯಾಯಮಂಡಳಿ, 2004ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ. ಆಲಮಟ್ಟಿಯ ಎತ್ತರ 519.60 ಮೀಟರೋ 524.256 ಮೀಟರೋ ಎಂಬ ಪ್ರಶ್ನೆ ಈ ದಾರಿಯಲ್ಲೇ ಸಾಗಿ ಬಂದಿದೆ. ವಿಧಿಗಳ ಸಂಖ್ಯೆ ಹಲಗೆಯ ಮೇಲಿರುವವರೆಗೆ ದನಿ ಏರುವುದಿಲ್ಲ.

ಹಂತ 6: ಹತ್ತನೆಯ ತರಗತಿಯ ಅಧ್ಯಾಯಗಳು

ಬುನಾದಿ ಗಟ್ಟಿಯಾಗಿದ್ದರೆ ಇವು ಬೇಗ ಸಾಗುತ್ತವೆ. ನಿರುದ್ಯೋಗ, ಭ್ರಷ್ಟಾಚಾರ, ಲಿಂಗ ತಾರತಮ್ಯ, ಕೋಮುವಾದ ಇವುಗಳ ಬಗ್ಗೆ ವಿದ್ಯಾರ್ಥಿಗಳಿಗೆ ಹೇಳಲು ಬೇಕಾದಷ್ಟಿದೆ. ಅದನ್ನು ಉತ್ತರವಾಗಿ ಮಾರ್ಪಡಿಸುವುದೇ ಕೆಲಸ, ಅದಕ್ಕೆ ಮುಂದಿನ ಹಂತ ನೋಡಿ.

ವಿದೇಶಾಂಗ ನೀತಿ ದೂರದ್ದೆನಿಸುತ್ತದೆ. ವಿಜಯಪುರದ ದ್ರಾಕ್ಷಿ ಹೊರದೇಶಕ್ಕೆ ಹೋಗಬೇಕಾದರೆ ಆ ದೇಶದೊಂದಿಗೆ ಮಾತುಕತೆ ನಡೆಸುವವರು ಯಾರು ಎಂದು ಕೇಳಿ ಆರಂಭಿಸಿ. ಅಲಿಪ್ತ ನೀತಿ ಎಂದರೆ ಎರಡು ಬಲಾಢ್ಯ ಬಣಗಳಲ್ಲಿ ಯಾವುದಕ್ಕೂ ಸೇರದಿರುವುದು. ಪಂಚಶೀಲ ತತ್ವಗಳು 1954ರವು, ಭಾರತ ಮತ್ತು ಚೀನಾ ನಡುವೆ ಒಪ್ಪಿಕೊಂಡ ಐದು ಸೂತ್ರಗಳು. ವಿಶ್ವಸಂಸ್ಥೆ ಹುಟ್ಟಿದ್ದು 1945ರ ಅಕ್ಟೋಬರ್ 24ರಂದು, ಈಗ 193 ಸದಸ್ಯ ರಾಷ್ಟ್ರಗಳು. ಭದ್ರತಾ ಮಂಡಳಿಯ 15 ಸದಸ್ಯರಲ್ಲಿ ಐವರು ಕಾಯಂ, ಅವರಿಗೆ ‘ವಿಟೋ’ ಉಂಟು. ಒಬ್ಬರು ಬೇಡವೆಂದರೆ ತೀರ್ಮಾನ ನಿಲ್ಲುತ್ತದೆ ಎಂದು ಬಿಡಿಸಿ ಹೇಳಿ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ 1948ರ ಡಿಸೆಂಬರ್ 10. ಈ ಇಸವಿಗಳನ್ನು ಮಾತ್ರ ಬಾಯಿಪಾಠ ಮಾಡಿಸುವುದರಲ್ಲಿ ತಪ್ಪಿಲ್ಲ. ಒಂದು ಅಂಕದ ಪ್ರಶ್ನೆಗಳು ಇಲ್ಲಿಂದಲೇ ಬರುತ್ತವೆ.

ಹಂತ 7: ಮಾತನ್ನು ಉತ್ತರ ಮಾಡುವುದು

ದೊಡ್ಡವರು ತರಗತಿಯಲ್ಲಿ ಚೆನ್ನಾಗಿ ಮಾತಾಡುತ್ತಾರೆ, ಉತ್ತರಪತ್ರಿಕೆಯಲ್ಲಿ ಎರಡು ಸಾಲಿಗೆ ನಿಲ್ಲುತ್ತಾರೆ. ಬರೆಯುವ ಕೈಗೆ ಅಭ್ಯಾಸ ತಪ್ಪಿರುತ್ತದೆ. ಪ್ರತಿ ತರಗತಿಯ ಕೊನೆಯ ಇಪ್ಪತ್ತು ನಿಮಿಷ ಬರೆಯುವುದಕ್ಕೇ ಮೀಸಲಿಡಿ.

ಭ್ರಷ್ಟಾಚಾರ ನಿಯಂತ್ರಣದ ಕ್ರಮಗಳನ್ನು ತಿಳಿಸಿ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಮೊದಲ ಉತ್ತರ ಹೀಗಿರುತ್ತದೆ: ‘ಎಲ್ಲ ಕಚೇರಿಯಲ್ಲೂ ಲಂಚ ಇದೆ. ರೊಕ್ಕ ಕೊಡದಿದ್ದರೆ ಕೆಲಸ ಆಗುವುದಿಲ್ಲ. ಇದು ನಿಲ್ಲಬೇಕು.’ ಸುಳ್ಳೇನಲ್ಲ, ಆದರೆ ಅಂಕ ಬರುವುದಿಲ್ಲ. ಪ್ರಶ್ನೆ ಕೇಳಿದ್ದು ಕ್ರಮಗಳನ್ನು. ಅದೇ ವಿದ್ಯಾರ್ಥಿಗೆ ನಮ್ಮ ಮೂರು ಪ್ರಶ್ನೆಗಳನ್ನು ಕೇಳಿ ಮತ್ತೆ ಬರೆಸಿ:

‘ಕೇಂದ್ರದಲ್ಲಿ ಲೋಕಪಾಲ, ರಾಜ್ಯದಲ್ಲಿ ಲೋಕಾಯುಕ್ತ ಸಂಸ್ಥೆಗಳು ದೂರುಗಳನ್ನು ವಿಚಾರಣೆ ಮಾಡುತ್ತವೆ. 2005ರ ಮಾಹಿತಿ ಹಕ್ಕು ಕಾಯ್ದೆಯಿಂದ ನಾಗರಿಕರು ಕಚೇರಿಯ ದಾಖಲೆ ಕೇಳಬಹುದು. ಸಕಾಲ ಯೋಜನೆಯಡಿ ನಿಗದಿತ ದಿನಗಳಲ್ಲಿ ಸೇವೆ ಕೊಡಬೇಕು. ಲಂಚ ಪಡೆಯುವುದರ ಜೊತೆಗೆ ಕೊಡುವುದೂ ಶಿಕ್ಷಾರ್ಹ ಅಪರಾಧ.’

ನಾಲ್ಕು ವಾಕ್ಯ, ನಾಲ್ಕು ಅಂಶ. ಎರಡನೆಯ ಉತ್ತರ ಮೊದಲನೆಯದಕ್ಕಿಂತ ಉದ್ದವಾಗಿದ್ದರೂ ಮೌಲ್ಯಮಾಪಕರ ಕಣ್ಣಿಗೆ ಬೀಳುವುದು ಇಲ್ಲಿಯ ಹೆಸರುಗಳು. ಅಂಶಗಳನ್ನು ಒಂದರ ಕೆಳಗೊಂದು ಬರೆಯುವುದು, ಪ್ರಶ್ನೆಯ ಸಂಖ್ಯೆ ಸರಿಯಾಗಿ ಹಾಕುವುದು, ತಪ್ಪಾದರೆ ಒಂದೇ ಗೆರೆ ಹೊಡೆದು ಮುಂದೆ ಹೋಗುವುದು: ಶಾಲೆಯ ಮಕ್ಕಳಿಗೆ ಹೇಳಬೇಕಿಲ್ಲದ ಇಂಥ ಸಣ್ಣ ಸಂಗತಿಗಳನ್ನು ಇವರಿಗೆ ಹೇಳಲೇಬೇಕು. ಕಾಗುಣಿತ ತಪ್ಪಿದರೆ ಕೆಂಪು ಮಸಿ ಸುರಿಸಬೇಡಿ. ‘ಸಂವಿಧಾನ’, ‘ಮೂಲಭೂತ’, ‘ವಿಧಾನ ಪರಿಷತ್ತು’ ಹೀಗೆ ಪದೇ ಪದೇ ಬರುವ ಪದಗಳನ್ನು ಮಾತ್ರ ತಿದ್ದಿಸಿ.

ಹಂತ 8: ಒಂದು ನಿಜವಾದ ಅರ್ಜಿ

ಪರೀಕ್ಷೆಗೆ ಇದು ಕಡ್ಡಾಯವಲ್ಲ, ಆದರೆ ನಾನಂತೂ ಬಿಡುವುದಿಲ್ಲ. ಪ್ರತಿಯೊಬ್ಬರೂ ಮಾಹಿತಿ ಹಕ್ಕಿನ ಒಂದು ಅರ್ಜಿ ಬರೆಯಲಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಒಳಗೆ.

ಪ್ರಶ್ನೆ ಚಿಕ್ಕದಾಗಿರಲಿ. ‘ನಮ್ಮ ವಾರ್ಡಿನಲ್ಲಿ ಭ್ರಷ್ಟಾಚಾರ ಏಕೆ’ ಎಂದು ಕೇಳಿದರೆ ಯಾವ ಕಚೇರಿಯೂ ಉತ್ತರಿಸಬೇಕಿಲ್ಲ. ಕೊಡಬೇಕಾದದ್ದು ಕಚೇರಿಯಲ್ಲಿರುವ ದಾಖಲೆಯನ್ನು ಮಾತ್ರ. ‘ಕಳೆದ ವರ್ಷ ನಮ್ಮ ವಾರ್ಡಿನ ಬೀದಿದೀಪಗಳ ದುರಸ್ತಿಗೆ ಮಾಡಿದ ವೆಚ್ಚದ ಬಿಲ್ಲುಗಳ ಪ್ರತಿ ಕೊಡಿ’ ಎಂದು ಬರೆದರೆ ಅದಕ್ಕೆ ಉತ್ತರ ಇದೆ. ಬರೆಯುವುದು ಅವರೇ, ಸಹಿ ಅವರದೇ. ನೀವು ಬರೆದುಕೊಡಲು ಶುರು ಮಾಡಿದರೆ ವಾರದೊಳಗೆ ನಿಮ್ಮ ಮನೆ ಅರ್ಜಿ ಬರೆಯುವ ಅಂಗಡಿಯಾಗುತ್ತದೆ. ಕಳಿಸುವುದೋ ಬೇಡವೋ ಎಂಬ ನಿರ್ಧಾರವನ್ನೂ ಅವರಿಗೇ ಬಿಡಿ. ಪಂಚಾಯಿತಿ ಸದಸ್ಯರ ಹೊಲದಲ್ಲೇ ಕೂಲಿ ಮಾಡುವವರಿಗೆ ಆ ಕಾಗದ ಕಳಿಸುವುದು ನಮಗೆ ಕಾಣುವಷ್ಟು ಸುಲಭವಲ್ಲ.

ಚುನಾವಣೆಯ ಕಾಲದಲ್ಲಿ ಸ್ಥಳೀಯ ನಾಯಕರು ‘ನಿಮ್ಮ ತರಗತಿಗೆ ಪುಸ್ತಕ ಹಂಚುತ್ತೇವೆ, ಒಂದು ಫೋಟೊ ತೆಗೆಸಿಕೊಳ್ಳುತ್ತೇವೆ’ ಎಂದು ಬರುವುದುಂಟು. ಮರ್ಯಾದೆಯಿಂದ ಬೇಡವೆನ್ನಿ. ಆ ಫೋಟೊ ಬಿದ್ದ ಮೇಲೆ ಇನ್ನೊಂದು ಪಕ್ಷದ ಮನೆಯ ಹುಡುಗಿ ತರಗತಿಗೆ ಬರುವುದಿಲ್ಲ.

ಫಲಿತಾಂಶದ ನಂತರ

ಎಸ್ಸೆಸ್ಸೆಲ್ಸಿಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪರೀಕ್ಷೆ-1ರಲ್ಲಿ ಸಮಾಜ ವಿಜ್ಞಾನ ಉಳಿದವರು ಅದೇ ಸಾಲಿನ ಪರೀಕ್ಷೆ-2ಕ್ಕೆ ಕೂರಬಹುದು. ಫಲಿತಾಂಶ ಬಂದ ಮೇಲೆ ಶುಲ್ಕ ಕಟ್ಟಲು ಸಿಗುವ ದಿನಗಳು ಕೆಲವೇ. ಅಷ್ಟರಲ್ಲಿ ಕೆಲವರು ಬೇಸರದಿಂದ ಗೋವಾಕ್ಕೋ ಪುಣೆಗೋ ಕೆಲಸಕ್ಕೆ ಹೋಗಿಬಿಟ್ಟಿರುತ್ತಾರೆ. ಆದ್ದರಿಂದ ಪರೀಕ್ಷೆ-1ರ ಪ್ರವೇಶಪತ್ರ ಹಂಚುವ ದಿನವೇ ಪ್ರತಿಯೊಬ್ಬರ ನೋಂದಣಿ ಸಂಖ್ಯೆ, ಹುಟ್ಟಿದ ದಿನಾಂಕ, ಮನೆಯವರ ಇನ್ನೊಂದು ಮೊಬೈಲ್ ಸಂಖ್ಯೆಯನ್ನು ಒಪ್ಪಿಗೆ ಪಡೆದು ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳಿ, ಹೆಸರಿನ ಅಕ್ಷರಗಳು ಹಳೆಯ ವರ್ಗಾವಣೆ ಪತ್ರದಲ್ಲಿ ಇರುವಂತೆಯೇ ಇವೆಯೇ ಎಂದೂ ಅಂದೇ ತಾಳೆ ನೋಡಿ.